ಚರ್ಚು, ಸ್ಟೇಶನ್, ಪುರಭವನ: ಟಿಳಕವಾಡಿಯ ವಾಸ್ತು ಶಿಬಿರಕ್ಕೆ ಹಣ ಕೊಟ್ಟು ಹೋಗಬಹುದೇ?

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಂದರೆ ಸರಿಸುಮಾರು 1840ರಿಂದ 1870ರವರೆಗೆ ಕಟ್ಟಲಾದ ಚರ್ಚು, ರೈಲು ನಿಲ್ದಾಣ ಮತ್ತು ಪುರಭವನಗಳ ವಾಸ್ತುವನ್ನು ಕುರಿತು ಬೆಳಗಾವಿಯ ಟಿಳಕವಾಡಿಯಲ್ಲಿ ಇಬ್ಬರು ಯುವ ವಾಸ್ತುಶಿಲ್ಪಿಗಳು ಒಂದು ಕಿರು ಶಿಬಿರ ನಡೆಸುತ್ತಿದ್ದಾರೆ. ಶನಿವಾರ ಸಂಜೆಗಳಲ್ಲಿ ಮೂರು ಸಚಿತ್ರ ಉಪನ್ಯಾಸ, ಕೊನೆಗೆ ಭಾನುವಾರ ಬೆಳಿಗ್ಗೆ ಕ್ಯಾಂಪ್ (ದಂಡು) ಪ್ರದೇಶದಲ್ಲೊಂದು ನಡಿಗೆ, ಜೊತೆಗೆ ನಕ್ಷೆಗಳಿರುವ ಒಂದು ಕೈಪಿಡಿ. ಇಷ್ಟಕ್ಕೆ ಒಬ್ಬರಿಗೆ 800 ರೂಪಾಯಿ ಶುಲ್ಕ, ವಿದ್ಯಾರ್ಥಿಗಳಿಗೆ ಅರ್ಧ. ಹಣ ಕೊಟ್ಟು ಇಂಥದ್ದಕ್ಕೆ ಹೋಗುವ ರೂಢಿ ನಮ್ಮ ಊರಲ್ಲಿ ಇನ್ನೂ ಬೆಳೆದಿಲ್ಲವಾದ್ದರಿಂದ, ಹೋಗಬೇಕೋ ಬೇಡವೋ ಎಂದು ಅನುಮಾನಿಸುತ್ತಿರುವವರಿಗೆ ಉಪಯೋಗವಾಗಲೆಂದು ವಿವರವಾಗಿಯೇ ಬರೆಯುತ್ತಿದ್ದೇನೆ. ನಾನು ಇತಿಹಾಸಕಾರನಲ್ಲ, ಕಟ್ಟಡ ಕೆಲಸದ ಮೇಲ್ವಿಚಾರಣೆ ಮಾಡಿಕೊಂಡು ಬಂದವನು. ಆದ್ದರಿಂದ ಕಟ್ಟಡ ಚೆಂದವಾಗಿದೆ ಎಂಬ ಮಾತಿಗಿಂತ ಅದು ಹೇಗೆ ನಿಂತಿದೆ, ಯಾರ ದುಡ್ಡಿನಲ್ಲಿ ನಿಂತಿದೆ ಎಂಬ ಮಾತು ನನಗೆ ಹೆಚ್ಚು ರುಚಿಸುತ್ತದೆ. ಈ ಶಿಬಿರವನ್ನು ಅಳೆದದ್ದೂ ಅದೇ ಕೋಲಿನಿಂದ.

ಹಾಗೆ ಅಳೆದರೆ, ಹೇಗೆ ನಿಂತಿದೆ ಎಂಬ ಪ್ರಶ್ನೆಗೆ ಶಿಬಿರ ಬಹಳ ಚೆನ್ನಾಗಿ ಉತ್ತರಿಸುತ್ತದೆ. ಯಾರ ದುಡ್ಡು ಎಂಬುದನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ರೈಲು ನಿಲ್ದಾಣಗಳ ಸಂಜೆಯೊಂದರಿಂದಲೇ ಶುಲ್ಕದ ಬಹುಭಾಗ ವಸೂಲಾಗುತ್ತದೆ. ಚರ್ಚುಗಳ ಸಂಜೆ ಒಳ್ಳೆಯದು. ಪುರಭವನಗಳ ಸಂಜೆಯನ್ನು ಮಾತ್ರ ಮತ್ತೊಮ್ಮೆ ಕುಳಿತು ಸಿದ್ಧಪಡಿಸಬೇಕು.

ಮೊದಲ ಸಂಜೆ ಚರ್ಚಿನದು. ಉಪನ್ಯಾಸಕರು ಪೀಠಿಕೆಗೆ ಹೆಚ್ಚು ಸಮಯ ಕೊಡದೆ ನೇರವಾಗಿ ಆಗಸ್ಟಸ್ ಪ್ಯೂಜಿನ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯಿಂದ ಆರಂಭಿಸಿದರು. ಗ್ರೀಕ್ ದೇವಾಲಯಗಳ ಹಾಗೆ ಕಂಬಸಾಲು ನಿಲ್ಲಿಸಿ ಚರ್ಚು ಕಟ್ಟುವುದನ್ನು ಕಂಡು ಕಿಡಿಕಾರುತ್ತಿದ್ದ ಈತ, ಮೊನೆಯುಳ್ಳ ಕಮಾನಿನ ಗಾಥಿಕ್ ಶೈಲಿಯೊಂದೇ ಕ್ರೈಸ್ತರ ನಿಜವಾದ ಶೈಲಿ ಎಂದು ಜೀವನವಿಡೀ ವಾದಿಸಿ, 1852ರಲ್ಲಿ ನಲವತ್ತರ ವಯಸ್ಸಿಗೇ ತೀರಿಕೊಂಡ. ಸ್ಟಾಫರ್ಡ್‌ಶೈರಿನ ಚೀಡಲ್ ಎಂಬ ಸಣ್ಣ ಊರಿನಲ್ಲಿ ಅವನು 1846ರಲ್ಲಿ ಮುಗಿಸಿದ ಸೇಂಟ್ ಗೈಲ್ಸ್ ಚರ್ಚಿಗೆ ಶ್ರೂಸ್‌ಬರಿಯ ಅರ್ಲ್ ಕೈಬಿಚ್ಚಿ ಹಣ ಕೊಟ್ಟಿದ್ದರಿಂದ, ಗೋಡೆ, ಕಂಬ, ಛಾವಣಿ ಯಾವುದೂ ಬಣ್ಣವಿಲ್ಲದೆ ಉಳಿಯಲಿಲ್ಲ. ಅದರ ಒಳಾಂಗಣದ ಚಿತ್ರವನ್ನು ಪರದೆಯ ಮೇಲೆ ಕಂಡಾಗ ಸಭೆಯಲ್ಲಿ ಅನೇಕರು ಬೆರಗಾದರು. ನನಗೆ ಸ್ವಲ್ಪ ಉಸಿರು ಕಟ್ಟಿದಂತಾಯಿತು.

ಅದಕ್ಕಿಂತ ಮನಸ್ಸಿಗೆ ಹಿಡಿದದ್ದು ಲಂಡನ್ನಿನ ಮಾರ್ಗರೆಟ್ ಸ್ಟ್ರೀಟಿನ ಆಲ್ ಸೇಂಟ್ಸ್ ಚರ್ಚು. 1850ರಲ್ಲಿ ಅಡಿಗಲ್ಲು ಹಾಕಿ 1859ರಲ್ಲಿ ಪ್ರತಿಷ್ಠಾಪಿಸಿದ ಈ ಕಟ್ಟಡದ ನಿವೇಶನ ತೀರಾ ಇಕ್ಕಟ್ಟಿನದು. ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್ ಚರ್ಚನ್ನು ಹಿಂದಕ್ಕೆ ಸರಿಸಿ, ಮುಂದೊಂದು ಪುಟ್ಟ ಅಂಗಳ ಬಿಟ್ಟು, ಅಡ್ಡಕ್ಕೆ ಸಿಗದ ಜಾಗವನ್ನು ಎತ್ತರಕ್ಕೆ ಪಡೆದುಕೊಂಡ. ಕಲ್ಲೇ ಶ್ರೇಷ್ಠ, ಇಟ್ಟಿಗೆ ಗೋದಾಮಿಗೆ ಸಾಕು ಎಂದು ಜನ ಭಾವಿಸಿದ್ದ ಕಾಲದಲ್ಲಿ ಈತ ಕೆಂಪು ಇಟ್ಟಿಗೆಯ ನಡುವೆ ಕಪ್ಪು ಇಟ್ಟಿಗೆಯ ಪಟ್ಟಿಗಳನ್ನು ಹೆಣೆದು, ಗಿಲಾವು ಮಾಡದೆ, ಗೋಡೆಯ ಬಣ್ಣ ಗೋಡೆಯ ಸಾಮಾನಿನಿಂದಲೇ ಬರುವಂತೆ ಮಾಡಿದ. ಇಟ್ಟಿಗೆ ಎಷ್ಟೇ ಒಳ್ಳೆಯದಿದ್ದರೂ ಮೇಲೆ ಗಿಲಾವು ಬಳಿದು ಮುಚ್ಚಿಬಿಡುವ ನಮ್ಮ ರೂಢಿಯನ್ನು ನೆನೆದು ನನ್ನ ಪಕ್ಕದಲ್ಲಿದ್ದ ಡಿಪ್ಲೊಮಾ ಹುಡುಗ ಏನನ್ನೋ ಬರೆದುಕೊಂಡ. ಒಂದು ಕಟ್ಟಡದಿಂದ ಇಷ್ಟು ಸಿಕ್ಕರೆ ಸಾಕು.

ಮೊನೆಗಮಾನಿನ ಕೆಲಸ ವಿವರಿಸುವಾಗ ಸಭೆಯಲ್ಲಿದ್ದ ಹಿರಿಯ ಗೌಂಡಿಯೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯೇ ಆ ಸಂಜೆಯ ಮುಖ್ಯ ಪಾಠವಾಯಿತು. "ಸರ, ಮ್ಯಾಲಿನ ಭಾರ ಕಮಾನಿನಾಗಿಂದ ಗ್ವಾಡಿಗೆ ಬಂದ್ರ ಗ್ವಾಡಿ ಹೊರಗ ಬಾಗೂದಿಲ್ಲೇನ್ರಿ?" ಎಂದು ಅವರು ಕೇಳಿದಾಗ ಉಪನ್ಯಾಸಕರು ಸಿದ್ಧಪಡಿಸಿಕೊಂಡಿದ್ದ ಚಿತ್ರಗಳನ್ನು ಬದಿಗಿಟ್ಟು, "ಬಾಗ್ತೈತಿ ಕಾಕಾ, ಅದಕ್ಕ ಹೊರಗಿಂದ ಆನು ಕೊಟ್ಟಾರ" ಎಂದು ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಗೋಡೆಯ ಅಡ್ಡಕೊಯ್ತ, ಅಂದರೆ ಗೋಡೆಯನ್ನು ಕತ್ತರಿಸಿದರೆ ಕಾಣುವ ರೂಪ, ಬರೆದು ತೋರಿಸಿದರು. ಅರ್ಧವೃತ್ತದ ಕಮಾನಿಗಿಂತ ಮೊನೆಗಮಾನು ಗೋಡೆಯನ್ನು ಹೊರಕ್ಕೆ ನೂಕುವುದು ಕಡಿಮೆ. ಆ ಉಳಿದ ನೂಕನ್ನೂ ಎರಡು ಕಿಟಕಿಗಳ ನಡುವೆ ಹೊರಚಾಚಿ ನಿಂತ ಆನುಗೋಡೆ ತಡೆಯುತ್ತದೆ. ಹೀಗಾಗಿ ಆನುಗೋಡೆಗಳ ನಡುವಿನ ಗೋಡೆಗೆ ಹೊರುವ ಕೆಲಸ ಕಡಿಮೆಯಾಗಿ ಅಲ್ಲಿ ಎತ್ತರದ ಬಣ್ಣದ ಗಾಜಿನ ಕಿಟಕಿ ಇಡಲು ಬರುತ್ತದೆ. ಮೇಲೇರಿದಂತೆ ಆನುಗೋಡೆಯ ದಪ್ಪ ಕಡಿಮೆಯಾಗುವಲ್ಲೆಲ್ಲ ಇಳಿಜಾರಾದ ಕಲ್ಲು ಹಾಸಿರುವುದು ಅಲಂಕಾರಕ್ಕಲ್ಲ, ಮಳೆನೀರು ನಿಲ್ಲದೆ ಜಾರಿಹೋಗಲಿ ಎಂದು. ಗೌಂಡಿಯವರು ಸಮಾಧಾನದಿಂದ ಕುಳಿತರು. ಇಂಥ ಪ್ರಶ್ನೆಗೆ ನಿಂತು ಉತ್ತರಿಸುವ ತಾಳ್ಮೆ ಇರುವುದೇ ಈ ಶಿಬಿರದ ದೊಡ್ಡ ಬಲ.

ನಮ್ಮ ಕಡೆಗೆ ಬಂದಾಗ ಉಪನ್ಯಾಸ ಮುಂಬೈ ಕೊಲಾಬಾದ ಅಫ್ಘಾನ್ ಚರ್ಚನ್ನು ಆರಿಸಿಕೊಂಡಿತು. ಮೊದಲನೆಯ ಅಫ್ಘಾನ್ ಯುದ್ಧದಲ್ಲಿ ಮಡಿದವರ ಸ್ಮಾರಕವಾದ ಇದಕ್ಕೆ 1847ರಲ್ಲಿ ಅಡಿಗಲ್ಲು ಬಿದ್ದು, 1858ರಲ್ಲಿ ಪ್ರತಿಷ್ಠೆಯಾಯಿತು. ಸುಮಾರು 60 ಮೀಟರ್ ಎತ್ತರದ ಶಿಖರ ಮುಗಿಯಲು 1865 ಬರಬೇಕಾಯಿತು. ಇದರ ವಿನ್ಯಾಸಕಾರ ಹೆನ್ರಿ ಕಾನಿಬೇರ್ ಮುಂಬೈಗೆ ವಿಹಾರ ಕೆರೆಯಿಂದ ಕುಡಿಯುವ ನೀರು ತಂದ ಎಂಜಿನಿಯರ್ ಕೂಡ ಹೌದು ಎಂಬ ಸಂಗತಿಯನ್ನು ಉಪನ್ಯಾಸಕರು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟರು. ನನಗಾದರೋ ಅದರಲ್ಲೇ ಇಡೀ ಕಾಲದ ಗುಟ್ಟಿದೆ ಎನಿಸಿತು. ಭಾರತದಲ್ಲಿ ಆಗ ಚರ್ಚು ಕಟ್ಟಿದವರಲ್ಲಿ ಬಹಳಷ್ಟು ಮಂದಿ ಎಂಜಿನಿಯರುಗಳು. ಕೋಲ್ಕತ್ತದ ಸೇಂಟ್ ಪಾಲ್ ಕೆಥೆಡ್ರಲನ್ನು 1847ರಲ್ಲಿ ಮುಗಿಸಿದ ವಿಲಿಯಂ ನೇರ್ನ್ ಫೋರ್ಬ್ಸ್ ಅದೇ ಊರಿನ ಟಂಕಸಾಲೆಯನ್ನು ಕಟ್ಟಿದ ಸೈನ್ಯದ ಅಧಿಕಾರಿ. ಆ ಕೆಥೆಡ್ರಲಿನ ಶಿಖರ 1897 ಮತ್ತು 1934ರ ಭೂಕಂಪಗಳಲ್ಲಿ ಬಿದ್ದ ಕಥೆಯನ್ನು ಇಲ್ಲಿ ಸೇರಿಸಿದ್ದರೆ, ಇಂಗ್ಲೆಂಡಿನ ಗಟ್ಟಿ ನೆಲಕ್ಕೆಂದು ಹುಟ್ಟಿದ ಆಕಾರವೊಂದು ಬೇರೆ ನೆಲಕ್ಕೆ ಬಂದಾಗ ಏನಾಗುತ್ತದೆ ಎಂಬುದು ಇನ್ನಷ್ಟು ತಿಳಿಯಾಗುತ್ತಿತ್ತು.

ಎರಡನೆಯ ಸಂಜೆಯ ವಿಷಯ ರೈಲು ನಿಲ್ದಾಣ, ಮತ್ತು ಇಲ್ಲಿ ಉಪನ್ಯಾಸಕರು ಬದಲಾಗಿದ್ದರು. ಇವರು ಮಾತು ಕಡಿಮೆ ಆಡಿ ಕೈಯಲ್ಲಿ ಮಾಡಿ ತೋರಿಸುವವರು. ಚರ್ಚಿಗಾದರೆ ನೂರಾರು ವರ್ಷಗಳ ಮಾದರಿಗಳಿದ್ದವು, ನಿಲ್ದಾಣವೆಂಬ ಕಟ್ಟಡವನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ ಎಂಬಲ್ಲಿಂದ ಅವರು ಶುರುಮಾಡಿದರು. 1830ರಲ್ಲಿ ತೆರೆದ ಮ್ಯಾಂಚೆಸ್ಟರಿನ ಲಿವರ್‌ಪೂಲ್ ರೋಡ್ ನಿಲ್ದಾಣ ಹೊರಗಿನಿಂದ ಒಳ್ಳೆಯ ಮನೆಯಂತೆ ಕಾಣುತ್ತದೆ. 1837ರಲ್ಲಿ ಲಂಡನ್ನಿನ ಯೂಸ್ಟನ್‌ಗೆ ಫಿಲಿಪ್ ಹಾರ್ಡ್‌ವಿಕ್ ಗ್ರೀಕ್ ಮಾದರಿಯ ಭಾರಿ ಮಹಾದ್ವಾರ ನಿಲ್ಲಿಸಿದ. ರೈಲು ಬಂದು ನಿಲ್ಲುವ ಜಾಗಕ್ಕೂ ಈ ಮುಖಗಳಿಗೂ ಸಂಬಂಧವೇ ಇರಲಿಲ್ಲ. ಹೊಗೆ, ಹಬೆ, ಗದ್ದಲ, ನೂರಾರು ಜನ, ಇವೆಲ್ಲವನ್ನೂ ಕಂಬಗಳಿಲ್ಲದ ಒಂದೇ ಸೂರಿನಡಿ ತರುವುದು ನಿಜವಾದ ಸಮಸ್ಯೆ, ಮತ್ತು ಅದನ್ನು ಬಿಡಿಸಿದವರು ಕಬ್ಬಿಣದ ಕೆಲಸಗಾರರು.

ಇಷ್ಟು ಹೇಳಿ ಅವರು ಹಲಗೆಯ ಮೇಲೆ ಎರಡು ಮೊಳೆ ಹೊಡೆದು, ಅವುಗಳ ನಡುವೆ ಬಾವಿಯ ಕೊಡಕ್ಕೆ ಕಟ್ಟುವಂಥ ಸಣ್ಣ ಸರಪಳಿಯೊಂದನ್ನು ಜೋಲುಬಿಟ್ಟು, ಅದರ ಗೆರೆಯನ್ನು ಸುಣ್ಣದಕಡ್ಡಿಯಿಂದ ಎಳೆದರು. ಹಲಗೆಯನ್ನು ತಲೆಕೆಳಗು ಮಾಡಿದಾಗ ಅದೇ ಗೆರೆ ಕಮಾನಾಯಿತು. ಜೋಲುವ ಸರಪಳಿಯಲ್ಲಿ ಎಳೆತವೊಂದೇ ಇರುವಂತೆ, ಅದನ್ನು ತಿರುಗಿಸಿದ ಆಕಾರದ ಕಮಾನಿನಲ್ಲಿ ಒತ್ತಡವೊಂದೇ ಇರುತ್ತದೆ ಎಂದು ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲೇ ಕಂಡುಕೊಂಡಿದ್ದ. ಆಮೇಲೆ ಅವರು ಒಂದು ಮೊಳೆಯಿಂದ ಸರಪಳಿಯ ತುದಿ ಬಿಡಿಸಿ ಅದನ್ನು ಸಭೆಯಲ್ಲಿದ್ದ ಒಬ್ಬ ಹುಡುಗಿಯ ಕೈಗೆ ಕೊಟ್ಟು, ಸರಪಳಿ ಹೆಚ್ಚು ಸಮವಾಗುವಂತೆ ಬಿಗಿಯಾಗಿ ಎಳೆಯಲು ಹೇಳಿದರು. ಬಿಗಿದಷ್ಟೂ ಕೈಗೆ ಬೀಳುವ ಎಳೆತ ಹೆಚ್ಚುತ್ತದೆ. ಹಾಗೆಯೇ ಚಪ್ಪಟೆಯಾದಷ್ಟೂ ಕಮಾನು ತನ್ನ ಬುಡವನ್ನು ಹೊರಕ್ಕೆ ನೂಕುತ್ತದೆ. ಪುಸ್ತಕದಲ್ಲಿ ಸೂತ್ರವಾಗಿ ಓದಿ ಪರೀಕ್ಷೆ ಬರೆದಿದ್ದ ನನಗೂ ಆ ಮಾತು ಅಷ್ಟು ಸ್ಪಷ್ಟವಾಗಿ ಯಾರೂ ಕಾಣಿಸಿರಲಿಲ್ಲ.

ಇದಾದ ಮೇಲೆ ಲಂಡನ್ನಿನ ಮೂರು ನಿಲ್ದಾಣಗಳನ್ನು ಒಂದಾದ ಮೇಲೊಂದು ತೋರಿಸಿದ್ದು ಅರ್ಥಪೂರ್ಣವಾಗಿತ್ತು. 1852ರ ಕಿಂಗ್ಸ್ ಕ್ರಾಸ್‌ನಲ್ಲಿ ಲೂಯಿಸ್ ಕ್ಯೂಬಿಟ್ ತಲಾ 105 ಅಡಿ ಅಗಲದ ಎರಡು ಸೂರುಗಳನ್ನು ಹೊದಿಸಿ, ಎದುರಿನ ಇಟ್ಟಿಗೆ ಗೋಡೆಯಲ್ಲಿ ಅವುಗಳದೇ ಎರಡು ದೊಡ್ಡ ಕಮಾನುಗಳನ್ನು ಯಾವ ಶೃಂಗಾರವೂ ಇಲ್ಲದೆ ಕಾಣಿಸಿದ. ನಡುವೆ ಒಂದು ಗಡಿಯಾರದ ಗೋಪುರ, ಅಷ್ಟೇ. ಒಳಗೆ ಏನಿದೆಯೋ ಅದನ್ನೇ ಮುಖ ಹೇಳುವ ನಿಲ್ದಾಣ ಇದು. ಆದರೆ ಆ ಸೂರನ್ನು ಹೊರುವ ಕಮಾನಿನಾಕಾರದ ಪಕ್ಕೆಗಳು ತೆಳು ಹಲಗೆಗಳನ್ನು ಬಗ್ಗಿಸಿ ಒಂದರ ಮೇಲೊಂದು ಜೋಡಿಸಿದ ಮರದವು, ಎಂಜಿನುಗಳ ಹಬೆ ಮತ್ತು ಹೊಗೆಗೆ ಬಾಳಿಕೆ ಬರದೆ ಮುಂದೆ ಕಬ್ಬಿಣಕ್ಕೆ ಜಾಗ ಬಿಡಬೇಕಾಯಿತು. ಇಸಂಬಾರ್ಡ್ ಬ್ರೂನೆಲ್ 1854ರ ಪ್ಯಾಡಿಂಗ್ಟನ್‌ನಲ್ಲಿ ಮೊದಲಿಗೇ ಮೆದುಕಬ್ಬಿಣದ ಪಕ್ಕೆಗಳನ್ನು ಆರಿಸಿಕೊಂಡ. 1851ರ ಮಹಾಪ್ರದರ್ಶನಕ್ಕೆ ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸ ಮಾಡಿದ ಗಾಜಿನ ಅರಮನೆಯನ್ನು ಕಟ್ಟಿದ ಗುತ್ತಿಗೆದಾರರೇ ಇಲ್ಲಿಯೂ ಕೆಲಸ ಮಾಡಿದರು. ಮೂರು ಸೂರುಗಳಲ್ಲಿ ನಡುವಿನದರ ಅಗಲ 102 ಅಡಿ. ಅಲಂಕಾರದ ಕೆಲಸಕ್ಕೆ ಬ್ರೂನೆಲ್ ತನ್ನ ಗೆಳೆಯ ಮ್ಯಾಥ್ಯೂ ಡಿಗ್ಬಿ ವಯಟ್‌ನನ್ನು ಕರೆದುಕೊಂಡ.

ಮೂರನೆಯದು ಸೇಂಟ್ ಪ್ಯಾಂಕ್ರಾಸ್, 1868ರಲ್ಲಿ ತೆರೆದದ್ದು. ವಿಲಿಯಂ ಬಾರ್ಲೊ ಎಂಬ ಎಂಜಿನಿಯರ್ ನಡುವೆ ಒಂದೂ ಕಂಬವಿಲ್ಲದೆ ಸುಮಾರು 240 ಅಡಿ ಅಗಲವನ್ನು ಒಂದೇ ಕಮಾನಿನಲ್ಲಿ ದಾಟಿಸಿದ. ಆಗ ಜಗತ್ತಿನಲ್ಲಿ ಅಷ್ಟು ಅಗಲದ ಸೂರು ಇನ್ನೊಂದಿರಲಿಲ್ಲ. ಅಂಥ ಕಮಾನು ಬುಡವನ್ನು ಹೊರಕ್ಕೆ ನೂಕುವ ಬಲವನ್ನು ತಡೆಯುವುದು ಹೇಗೆ? ಸಾಮಾನ್ಯವಾಗಿ ಸೂರಿನ ಕೆಳಗೆ ಅಡ್ಡಲಾಗಿ ಬಿಗಿಸರಳು ಎಳೆಯುತ್ತಾರೆ, ಅದು ಕಣ್ಣಿಗೆ ಅಡ್ಡ ಬರುತ್ತದೆ. ಇಲ್ಲಿ ಹಳಿಗಳು ಕಾಲುವೆಯೊಂದನ್ನು ಮೇಲಿನಿಂದ ದಾಟಿ ಬರುವುದರಿಂದ ಪ್ಲಾಟ್‌ಫಾರ್ಮಿನ ಮಟ್ಟ ರಸ್ತೆಗಿಂತ ಬಹಳ ಎತ್ತರದಲ್ಲಿತ್ತು, ಮತ್ತು ಆ ನೆಲವನ್ನು ಹೊರುವ ಕಬ್ಬಿಣದ ತೊಲೆಗಳೇ ಕಮಾನಿನ ಎರಡು ಬುಡಗಳನ್ನು ಹಿಡಿದೆಳೆಯುವ ಬಿಗಿಸರಳುಗಳಾದವು. ಪ್ರಯಾಣಿಕ ಕಾಲಿಟ್ಟ ನೆಲವೇ ಅವನ ತಲೆಯ ಮೇಲಿನ ಸೂರನ್ನು ಹಿಡಿದು ನಿಲ್ಲಿಸಿದೆ. ನೆಲದ ಕೆಳಗೆ ಉಳಿದ ಜಾಗವನ್ನು ಬರ್ಟನ್ ಊರಿನಿಂದ ಬರುವ ಬಿಯರಿನ ದಾಸ್ತಾನಿಗೆ ಕೊಟ್ಟರು, ಮತ್ತು ಅಲ್ಲಿಯ ಬೀಡುಕಬ್ಬಿಣದ ಕಂಬಗಳ ಅಂತರವನ್ನು ಬಾರ್ಲೊ ಪೀಪಾಯಿಗಳ ಅಳತೆಗೆ ಹೊಂದಿಸಿ ಗೊತ್ತುಮಾಡಿದ. ಇದನ್ನು ಕೇಳಿ ಸಭೆ ನಕ್ಕಿತು. ಆದರೆ ಗೋದಾಮು ಕಟ್ಟಿದ ಯಾರಿಗಾದರೂ ಚೀಲದ ಅಳತೆ, ಗಾಡಿಯ ಅಳತೆ ನೋಡಿಯೇ ಕಂಬ ನಿಲ್ಲಿಸಬೇಕೆಂದು ಗೊತ್ತು. ಎದುರಿಗೆ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಕಟ್ಟಿದ ಗಾಥಿಕ್ ಹೋಟೆಲನ್ನೂ ಸೇರಿಸಿ ಈ ನಿಲ್ದಾಣವನ್ನು 1960ರ ದಶಕದಲ್ಲಿ ಕೆಡವುವ ಮಾತು ನಡೆದಿತ್ತು. ಯೂಸ್ಟನ್ನಿನ ಮಹಾದ್ವಾರ ಆ ದಶಕದ ಆರಂಭದಲ್ಲೇ ನೆಲಸಮವಾಗಿತ್ತು. 1967ರಲ್ಲಿ ಸೇಂಟ್ ಪ್ಯಾಂಕ್ರಾಸ್‌ಗೆ ಕಾನೂನಿನ ರಕ್ಷಣೆ ಸಿಕ್ಕಿ, 2007ರಿಂದ ಅದು ಯುರೋಪಿನ ರೈಲುಗಳ ನಿಲ್ದಾಣವಾಗಿದೆ.

ಭಾರತದ ಭಾಗಕ್ಕೆ ಸಮಯ ಕಡಿಮೆ ಉಳಿದಿತ್ತು. 1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಹೊರಟಾಗ ಇದ್ದದ್ದು ಮರದ ಸಾಮಾನ್ಯ ನಿಲ್ದಾಣ. ನಾವೆಲ್ಲ ನೋಡಿ ಬೆರಗಾಗುವ ಈಗಿನ ಕಟ್ಟಡ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಎಫ್. ಡಬ್ಲ್ಯು. ಸ್ಟೀವನ್ಸ್ 1878ರಲ್ಲಿ ಕೈಗೆತ್ತಿಕೊಂಡದ್ದು. ನಡುಶತಮಾನದ ನಿಜವಾದ ನಿಲ್ದಾಣ ನೋಡಬೇಕೆಂದರೆ ಚೆನ್ನೈನ 1856ರ ರಾಯಪುರಂ ಅಥವಾ ಮುಂಬೈನ ಭಾಯಖಳಾಕ್ಕೆ (ಬೈಕುಲ್ಲಾ) ಹೋಗಬೇಕು. ಭಾಯಖಳಾದ ಕಲ್ಲಿನ ಕಟ್ಟಡ 1857ರದು. ಅದರ ಜೀರ್ಣೋದ್ಧಾರಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂದಿದೆ. ಮುಂಬೈ-ಪುಣೆ ನಡುವಿನ ಬೋರಘಾಟಿನ ಹಳಿಯ ಕೆಲಸವನ್ನು ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ ತೀರಿಕೊಂಡ ಮೇಲೆ ಅವನ ಹೆಂಡತಿ ಆಲಿಸ್ ಟ್ರೆಡ್ವೆಲ್ ವಹಿಸಿಕೊಂಡು ಮುಂದುವರಿಸಿ, 1863ರಲ್ಲಿ ಘಟ್ಟದ ಹಳಿ ತೆರೆದ ಕಥೆಯನ್ನಂತೂ ಇನ್ನೂ ಹತ್ತು ನಿಮಿಷ ಹೇಳಿದ್ದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಮೂರನೆಯ ಸಂಜೆಯ ಬಗ್ಗೆ ನನ್ನ ತಕರಾರುಗಳಿವೆ. ಆರಿಸಿಕೊಂಡ ಕಟ್ಟಡಗಳಲ್ಲಿ ದೋಷವಿಲ್ಲ. ಲಿವರ್‌ಪೂಲಿನ ಸೇಂಟ್ ಜಾರ್ಜ್ ಹಾಲಿನ ವಿನ್ಯಾಸಕಾರ ಹಾರ್ವೆ ಎಲ್ಮ್ಸ್ 1847ರಲ್ಲಿ ಚಿಕ್ಕ ವಯಸ್ಸಿಗೇ ಕ್ಷಯದಿಂದ ತೀರಿಕೊಂಡು, ಸಿ. ಆರ್. ಕಾಕರೆಲ್ ಒಳಾಂಗಣ ಪೂರೈಸಿ, 1854ರಲ್ಲಿ ಕಟ್ಟಡ ತೆರೆಯಿತು. ಹೊರಗಿನ ಗಾಳಿಯನ್ನು ನೆಲಮಾಳಿಗೆಗೆ ಎಳೆದು, ಬಿಸಿ ಅಥವಾ ತಂಪು ಮಾಡಿ ಸಭಾಂಗಣಕ್ಕೆ ಬಿಡುವ ಡೇವಿಡ್ ಬಾಸ್ವೆಲ್ ರೀಡ್‌ನ ವ್ಯವಸ್ಥೆ ಅದರ ಗೋಡೆಗಳೊಳಗೇ ಸೇರಿಕೊಂಡಿದೆ. ಲೀಡ್ಸ್ ಪುರಭವನದ ವಿನ್ಯಾಸ ಸ್ಪರ್ಧೆಯನ್ನು ಅಷ್ಟಾಗಿ ಹೆಸರು ಮಾಡಿರದ ಯುವಕ ಕತ್‌ಬರ್ಟ್ ಬ್ರಾಡ್ರಿಕ್ ಗೆದ್ದು, 1858ರಲ್ಲಿ ವಿಕ್ಟೋರಿಯಾ ರಾಣಿ ಬಂದು ಉದ್ಘಾಟಿಸಿದಳು. ಇವುಗಳ ಚಿತ್ರ ಚೆನ್ನಾಗಿದ್ದವು, ಕಂಬಗಳ ಶೈಲಿಯ ಹೆಸರುಗಳೂ ಬಂದವು. ಒಂದು ಊರು ಇಷ್ಟು ದೊಡ್ಡ ಕಟ್ಟಡವನ್ನು ಯಾಕೆ ಕಟ್ಟಿಕೊಂಡಿತು, ಆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ಇಡೀ ಸಂಜೆ ಬಾಗಿಲ ಹೊರಗೇ ನಿಂತಿತ್ತು.

ಬೆಳಗಾವಿಯಲ್ಲಿ ಕುಳಿತು ಈ ಪ್ರಶ್ನೆ ಕೇಳದಿರುವುದು ವಿಚಿತ್ರ. ಲಿವರ್‌ಪೂಲ್ ಹತ್ತಿಯ ಬಂದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಮುಂಬೈಯತ್ತ ಕೈಚಾಚಿದವು, ಮತ್ತು ಮುಂಬೈಗೆ ಹೋದ ಹತ್ತಿಯಲ್ಲಿ ನಮ್ಮ ಕಪ್ಪುನೆಲದ ಪಾಲೂ ಇತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದ ಅಮೆರಿಕದ ಬೀಜ ಬಿತ್ತಿ ಬೆಳೆಸಿದ್ದ ತಳಿಗೆ ಪೇಟೆಯಲ್ಲಿ ಧಾರವಾಡ ಅಮೆರಿಕನ್ ಎಂದೇ ಹೆಸರಿತ್ತು. ಇನ್ನೊಂದು ಬಗೆ ಕುಮಟಾ ಬಂದರಿನ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಬೆಲೆ ಏರಿ ಮುಂಬೈಗೆ ಹೊಳೆಯಂತೆ ಹಣ ಹರಿದ ಆ ನಾಲ್ಕು ವರ್ಷಗಳಲ್ಲೇ ಗವರ್ನರ್ ಬಾರ್ಟಲ್ ಫ್ರಿಯರ್ ಕೋಟೆಯ ಗೋಡೆ ಕೆಡವಿಸಿ ಹೊಸ ಊರಿನ ನಕ್ಷೆ ಹಾಕಿಸಿದ. 1865ರಲ್ಲಿ ಯುದ್ಧ ಮುಗಿದು ಸಟ್ಟಾ ವ್ಯಾಪಾರವೆಲ್ಲ ಕುಸಿದರೂ ಕಟ್ಟಡಗಳು ಮೇಲೇಳುತ್ತಲೇ ಹೋದವು. ಪುರಸಭೆಯ ಮೊದಲ ಕಮಿಷನರ್ ಆರ್ಥರ್ ಕ್ರಾಫರ್ಡ್‌ನ ಹೆಸರಿನ ಮಾರುಕಟ್ಟೆ, ವಿಲಿಯಂ ಎಮರ್ಸನ್‌ನ ವಿನ್ಯಾಸದಂತೆ, 1869ರಲ್ಲಿ ಮುಗಿಯಿತು. ಹತ್ತಿಯ ದಲಾಲಿಯಿಂದ ಮೇಲೆ ಬಂದ ಪ್ರೇಮಚಂದ ರಾಯಚಂದರು ಕೊಟ್ಟ ದಾನದಿಂದ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ಎದ್ದದ್ದು 1878ರಲ್ಲಿ. ಬೈಲಹೊಂಗಲದ, ಗದಗಿನ ಹೊಲಕ್ಕೂ ಆ ಗೋಪುರಕ್ಕೂ ನಡುವೆ ಇರುವ ದಾರಿಯನ್ನು ತೋರಿಸಿದ್ದರೆ ಆ ಸಂಜೆ ಬೆಳಗಾವಿಯ ಸಂಜೆಯಾಗುತ್ತಿತ್ತು. ಪ್ರಶ್ನೋತ್ತರದಲ್ಲಿ ಇದನ್ನು ಎತ್ತಿದೆ. ಉಪನ್ಯಾಸಕರು ಸೌಜನ್ಯದಿಂದ ಕೇಳಿ, ಮುಂದಿನ ಬಾರಿ ಸೇರಿಸುತ್ತೇವೆ ಎಂದರು. ವಿಜಯಪುರವನ್ನೂ ಸೇರಿಸಬಹುದು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಅಲ್ಲಿಗೆ ಬಂದಾಗ ಸರಕಾರ ಎಲ್ಲಕ್ಕೂ ಹೊಸ ಕಟ್ಟಡ ಕಟ್ಟದೆ ಆದಿಲಶಾಹಿ ಇಮಾರತುಗಳಲ್ಲೇ ಕಚೇರಿ ಹೂಡಿತ್ತು. ಪುರಭವನವೆಂಬ ಕಲ್ಪನೆಗೆ ಅದು ಒಳ್ಳೆಯ ಎದುರುದಾಹರಣೆ.

ಭಾನುವಾರದ ನಡಿಗೆ ಕ್ಯಾಂಪಿನ ಸೇಂಟ್ ಮೇರಿ ಚರ್ಚಿನ ಬಳಿ ಆರಂಭವಾಗುತ್ತದೆ. 1869ರ ಕಟ್ಟಡ, ಕ್ರಾಫರ್ಡ್ ಮಾರುಕಟ್ಟೆ ಮುಗಿದ ವರ್ಷದ್ದೇ. ಬೆಳಗಿನ ಪ್ರಾರ್ಥನೆ ನಡೆಯುವ ದಿನವಾದ್ದರಿಂದ ಒಳಗೆ ಹೋಗಲು ಕಾಯಬೇಕು, ಹಾಗೆ ಕಾಯುವ ಹೊತ್ತಿನಲ್ಲಿ ಹೊರಗೋಡೆಯನ್ನು ಸುತ್ತಿ ನೋಡಿಸುತ್ತಾರೆ. ಚರ್ಚಿನ ಸಂಜೆ ಹಲಗೆಯ ಮೇಲೆ ಕಂಡಿದ್ದ ಮೊನೆಗಮಾನು ಇಲ್ಲಿ ಕಲ್ಲಾಗಿ ಎದುರಿಗಿದೆ. ಬೆಳಗಾವಿಗೆ ಈ ಶೈಲಿ ಒಪ್ಪುವುದು ಅಚ್ಚರಿಯೇನಲ್ಲ: ಘಟ್ಟದ ಅಂಚಿನ ಈ ಊರಿನ ಮಳೆಗೆ ಕಡಿದಾದ ಇಳಿಜಾರಿನ ಛಾವಣಿಯೇ ಸರಿ, ಮಳೆ ಕಡಿಮೆಯ ವಿಜಯಪುರದಲ್ಲಿ ಮಾಳಿಗೆ ಮತ್ತು ಗುಮ್ಮಟ ಹೇಗೆ ಸರಿಯೋ ಹಾಗೆ. ಉಪನ್ಯಾಸಕರು ಹೇಳದ, ನನಗೆ ಅಲ್ಲಿ ನಿಂತಾಗ ಹೊಳೆದ ಇನ್ನೊಂದು ಸಂಗತಿಯಿದೆ. ಬೆಳಗಾವಿಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಬಂದದ್ದು 1887ರಲ್ಲಿ, ಚರ್ಚು ಮುಗಿದು ಹದಿನೆಂಟು ವರ್ಷಗಳ ಮೇಲೆ. ಇಂಗ್ಲೆಂಡಿನಲ್ಲಿ ಇಟ್ಟಿಗೆ, ಸ್ಲೇಟು, ಕಬ್ಬಿಣಗಳನ್ನು ಊರೂರಿಗೆ ಹಂಚಿದ್ದು ರೈಲು. ಇಲ್ಲಿ ಹೊರಗಿನಿಂದ ಬರಬೇಕಾದ ಪ್ರತಿ ಸಾಮಾನೂ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಬೇಕಿತ್ತು. ಅಂಥ ಊರಿನಲ್ಲಿ ಕಲ್ಲು, ಸುಣ್ಣ, ಗೌಂಡಿ ಎಲ್ಲ ಹತ್ತಿರದವೇ ಆಗಿರಬೇಕಾಗುತ್ತದೆ.

ನಡಿಗೆಯ ಕೊನೆಯ ಹಂತ ರೈಲು ನಿಲ್ದಾಣ, ಮತ್ತು ಅದನ್ನು ಕೈಬಿಡುವುದು ಲೇಸು. ನಿಲ್ದಾಣದ ಹೊಸ ಕಟ್ಟಡ 2023ರ ಫೆಬ್ರುವರಿಯಲ್ಲಿ ಲೋಕಾರ್ಪಣೆಯಾಗಿದೆ. ಪ್ರಯಾಣಿಕರಿಗೆ ಅನುಕೂಲವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಲ್ದಾಣಗಳ ಸಂಜೆ ಕೇಳಿದ ಯಾವುದನ್ನೂ ಅಲ್ಲಿ ಬೊಟ್ಟು ಮಾಡಿ ತೋರಿಸಲು ಬರುವುದಿಲ್ಲ, ಹಾಗಾಗಿ ಉಪನ್ಯಾಸಕರು ಮೊಬೈಲಿನಲ್ಲಿ ಹಳೆಯ ಚಿತ್ರ ಹಿಡಿದು ಗದ್ದಲದ ನಡುವೆ ಮಾತಾಡಬೇಕಾಗುತ್ತದೆ. ಅದರ ಬದಲು ಆಸಕ್ತರನ್ನು ಇನ್ನೊಂದು ದಿನ ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಹಣಕ್ಕೂ ಸಮಯಕ್ಕೂ ಬೆಲೆ ಬರುತ್ತದೆ. ಕ್ಯಾಂಪಿನ ಹಳೆಯ ಬಂಗಲೆಗಳ ಮುಂದೆ ಹಾದುಹೋಗುವಾಗ ಒಂದೆರಡು ಕಡೆ ಜಂಬಿಟ್ಟಿಗೆ ಗೋಡೆಯ ಸುಣ್ಣದ ಸಂದುಗಳಿಗೆ ಸಿಮೆಂಟು ತುಂಬಿ, ನೀರು ಹೊರಬರಲು ದಾರಿಯಿಲ್ಲದೆ ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತಿರುವುದನ್ನು ತೋರಿಸಿದ್ದು ಮಾತ್ರ ಬಹಳ ಉಪಯುಕ್ತ. ಗೌಂಡಿಯವರು ಬೆರಳಿನಿಂದ ಆ ಪುಡಿ ತೆಗೆದು ಎಲ್ಲರಿಗೂ ತೋರಿಸಿ, ಗಾಣದಲ್ಲಿ ಅರೆದ ಗಾರೆಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಹಳೆಯ ಮನೆ ಇರುವವರು ಈ ಭಾಗಕ್ಕೆ ತಪ್ಪದೆ ಹಾಜರಿರಬೇಕು.

ಕೈಪಿಡಿಯ ಬಗ್ಗೆ ಎರಡು ಮಾತು. ಕಾಗದ ಗಟ್ಟಿಯಾಗಿದೆ, ಅಡ್ಡಕೊಯ್ತದ ನಕ್ಷೆಗಳಿಗೆ ಅಡಿಯಲ್ಲಿ ಅಳತೆಪಟ್ಟಿ ಕೊಟ್ಟಿದ್ದಾರೆ, ಕನ್ನಡದ ಪಾರಿಭಾಷಿಕ ಪದಗಳನ್ನು ತಿಣುಕಿ ಹೊಸೆಯದೆ ಕೆಲಸದ ಜಾಗದಲ್ಲಿ ಬಳಸುವ ಕಮಾನು, ತೊಲೆ, ಸಂದು, ಗಾರೆಗಳನ್ನೇ ಉಳಿಸಿಕೊಂಡಿದ್ದಾರೆ. ಆದರೆ ಪ್ಯಾಡಿಂಗ್ಟನ್ನಿನ ಅಡ್ಡಕೊಯ್ತವನ್ನು ಎರಡು ಪುಟಗಳ ಮೇಲೆ ಹರಡಿ ಮುದ್ರಿಸಿರುವುದರಿಂದ, ನೋಡಲೇಬೇಕಾದ ನಡುವಿನ ಸೂರು ಹೊಲಿಗೆಯ ಮಡಿಕೆಯೊಳಗೆ ಸಿಕ್ಕಿಕೊಂಡಿದೆ. ಸೇಂಟ್ ಪ್ಯಾಂಕ್ರಾಸ್‌ನ ನೆಲದ ತೊಲೆಗಳ ನಕ್ಷೆ ಕೈಪಿಡಿಯಲ್ಲಿ ಇಲ್ಲವೇ ಇಲ್ಲ. ಹಲಗೆಯ ಮೇಲೆ ಬರೆದದ್ದನ್ನು ಅಲ್ಲಿಯೇ ನಕಲು ಮಾಡಿಕೊಳ್ಳಿ.

ಸಭಾಂಗಣ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಮೊಣಕಾಲು ನೋವಿರುವ ಹಿರಿಯರು ಮೊದಲೇ ಯೋಚಿಸಬೇಕು. ಉಪನ್ಯಾಸ ಕನ್ನಡದಲ್ಲಿದ್ದು, ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಮರಾಠಿಯಲ್ಲೇ ಉತ್ತರ ಸಿಗುತ್ತದೆ. ನಡುವೆ ಕೊಡುವ ಚಹಾ ಚೆನ್ನಾಗಿದೆ. ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಗೌಂಡಿ ಕೆಲಸದವರು, ಹಳೆಯ ಕಟ್ಟಡ ಕಾಪಾಡಿಕೊಳ್ಳಬೇಕಾದವರು ನಿಸ್ಸಂಕೋಚವಾಗಿ ಹೋಗಬಹುದು. ಸುಂದರ ಜಾಗಗಳಲ್ಲಿ ಚಿತ್ರ ತೆಗೆಸಿಕೊಳ್ಳುವ ಆಸೆಯಿಂದ ಹೋಗುವವರಿಗೆ ಬೇಸರವಾಗುತ್ತದೆ. ನಡಿಗೆಗೆ ಮಾತ್ರ 250 ರೂಪಾಯಿ ಕೊಟ್ಟು ಸೇರುವ ಅವಕಾಶವೂ ಇದೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಸರಪಳಿಯ ಪಾಠ ಕೇಳದೆ ಬಂದವರಿಗೆ ಆನುಗೋಡೆ ಬರಿಯ ಗೋಡೆಯಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ನಡಿಗೆ ಮುಂದೂಡಿದರೆ ಶುಲ್ಕ ವಾಪಸು ಕೊಡುವುದಿಲ್ಲ, ಬೇರೆ ದಿನಾಂಕ ಕೊಡುತ್ತಾರೆ. ಆದ್ದರಿಂದ ದೂರದ ಊರಿನಿಂದ ಬರುವವರು ದೀಪಾವಳಿ ಕಳೆದ ಮೇಲಿನ ತಂಡಕ್ಕೆ ಹೆಸರು ಕೊಡುವುದು ಒಳ್ಳೆಯದು.